ಮದ್ರಾಸಿನಿಂದ ಸಿಂಗಾಪುರಕ್ಕೆ, ದ್ವಾದಶಿಯೊಳಗೆ

ಪ್ಯಾರೀಸ್ ಕಾರ್ನರಿನ ಹಿಂದೆ, ತಂಬು ಚೆಟ್ಟಿ ಬೀದಿಯಲ್ಲಿ, ಕಾಗದದ ಸಗಟು ಅಂಗಡಿಯೊಂದರ ಮಹಡಿಯ ಮೇಲೆ ರಾಮದಾಸ ಪೈಗಳ ಟ್ರಾವೆಲ್ಸ್ ಆಫೀಸಿತ್ತು. ಆಫೀಸು ಎನ್ನುವುದು ಪೈಗಳ ಮಾತು. ಎರಡು ಮೇಜು, ಒಂದು ಕಂಪ್ಯೂಟರು, ಗೋಡೆಗೆ ಅಂಟಿಸಿದ ವಿಮಾನದ ಚಿತ್ರ, ಇಷ್ಟೇ ಅದರ ವೈಭವ. ಕಂಪ್ಯೂಟರು ದಿನಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಎರಡನೇ ಮೇಜಿನ ರೂಪೇಶ ಮಾತ್ರ ಯಾರ ಮೇಲೂ ಮುನಿಸಿಕೊಂಡವನಲ್ಲ. ಮದ್ರಾಸಿನಲ್ಲಿ ಉಡುಪಿ, ಮಂಗಳೂರು ಕಡೆಯವರು ನಡೆಸುವ ಸಸ್ಯಾಹಾರಿ ಹೋಟೆಲುಗಳ ಮಾಸ್ಟರುಗಳು, ಸಪ್ಲೈಯರುಗಳು, ಗಲ್ಲೆಯ ಮೇಲೆ ಕೂರುವವರು ಯಾರೇ ಸಿಂಗಾಪುರಕ್ಕೋ ಕೊಲಂಬೋಗೋ ಕೆಲಸಕ್ಕೆ ಹೊರಟರೂ ಟಿಕೆಟ್ಟಿಗೆ ಬರುತ್ತಿದ್ದದ್ದು ಅವನ ಮೇಜಿಗೇ. ಪೈಗಳ ಮೇಜಿಗೆ ನೊಣ ಬರುತ್ತಿತ್ತು.

ರೂಪೇಶನಲ್ಲಿ ಅಂಥದ್ದೇನಿತ್ತು ಎಂದರೆ, ಅವನಿಗೆ ದೂರವನ್ನು ಹೇಳುವುದು ಗೊತ್ತಿತ್ತು. ಸಿಂಗಾಪುರಕ್ಕೆ ಮೂರು ಸಾವಿರ ಕಿಲೋಮೀಟರಿಗೆ ಕೊಂಚ ಕಮ್ಮಿ, ಹಾರಾಟ ಸುಮಾರು ನಾಲ್ಕು ಗಂಟೆ ಎಂದರೆ ಬೆಳಗಿನಿಂದ ದೋಸೆ ಹುಯ್ಯುವವನಿಗೆ ಏನು ತಿಳಿಯಬೇಕು? ಆದ್ದರಿಂದ ರೂಪೇಶ ಎಲ್ಲವನ್ನೂ ಊರಿನ ಬಸ್ಸಿಗೆ ತಂದು ಕೂರಿಸುತ್ತಿದ್ದ. ಕೊಲಂಬೋ ಎಂದರೆ ಮಂಗಳೂರಿನಿಂದ ಉಡುಪಿ; ಹತ್ತಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಕಂಡಕ್ಟರು ಎಬ್ಬಿಸುತ್ತಾನೆ. ಸಿಂಗಾಪುರ ಎಂದರೆ ಮಂಗಳೂರಿನಿಂದ ಹೊರಟು ಧರ್ಮಸ್ಥಳ ಮುಟ್ಟಿ, ಅಲ್ಲಿಂದ ಸುಬ್ರಹ್ಮಣ್ಯ. ಕೌಲಾಲಂಪುರಕ್ಕೂ ಅದೇ ಲೆಕ್ಕ, ನಡುವೆ ಚಾ ಕುಡಿಯಲು ಇಳಿಯಬಾರದು ಅಷ್ಟೇ. ಇದನ್ನು ಕೇಳಿದವನ ಮುಖದಲ್ಲಿ ಹೆದರಿಕೆ ಇಳಿದುಹೋಗುತ್ತಿತ್ತು. ಸುಬ್ರಹ್ಮಣ್ಯಕ್ಕೆ ಹೋಗಿಬರಲು ಯಾರಿಗೆ ಹೆದರಿಕೆ?

ಐತಪ್ಪ ಎಂಬ ಇಡ್ಲಿ ಮಾಸ್ಟರು ಒಮ್ಮೆ ಟಿಕೆಟ್ಟನ್ನು ಹಿಡಿದುಕೊಂಡು ಜಗಳಕ್ಕೇ ಬಂದಿದ್ದ. ಹೋಗುವಾಗ ರಾತ್ರಿ ಹನ್ನೊಂದೂವರೆಗೆ ಬಿಟ್ಟು ಬೆಳಿಗ್ಗೆ ಆರಕ್ಕೆ ತಲುಪುವುದು, ಬರುವಾಗ ಸಂಜೆ ಎಂಟಕ್ಕೆ ಬಿಟ್ಟು ಒಂಬತ್ತೂವರೆಗೇ ತಲುಪುವುದು ಎಂದು ಅದರಲ್ಲಿ ಬರೆದಿತ್ತು.

"ಇದೆಂತ ಮಾರಾಯ, ಹೋಗ್ಲಿಕ್ಕೆ ಆರೂವರೆ ಗಂಟೆ, ಬರ್ಲಿಕ್ಕೆ ಒಂದೂವರೆ? ಬರುವಾಗ ಇಳಿಜಾರು ಉಂಟಾ?"

ರೂಪೇಶ ನಗಲಿಲ್ಲ. ನಕ್ಕರೆ ಗಿರಾಕಿ ಪೈಗಳ ಮೇಜಿಗೆ ಹೋಗಿಬಿಡುತ್ತಾನೆ. "ಅಲ್ಲ ಐತಪ್ಪಣ್ಣ. ಎರಡು ಕಡೆಗೂ ನಾಲ್ಕೇ ಗಂಟೆ. ಅಲ್ಲಿ ಸೂರ್ಯ ನಮಗಿಂತ ಮೊದಲು ಏಳ್ತಾನೆ. ಅದಕ್ಕೇ ಅವರ ಗಡಿಯಾರ ಎರಡೂವರೆ ಗಂಟೆ ಮುಂದೆ."

"ಹಾಗಾದ್ರೆ ಕೆಲಸವೂ ಬೇಗ ಶುರುವಾ?"

"ಮುಗಿಯುವುದೂ ಬೇಗ."

ಐತಪ್ಪ ಸಮಾಧಾನವಾಗಿ ಹೋದ. ಅವನು ಈಗಲೂ ಅಲ್ಲೇ ಇದ್ದಾನೆ, ಇಡ್ಲಿ ಬೇಯಿಸುತ್ತಿದ್ದಾನೆ.

ಇಷ್ಟೆಲ್ಲ ಹೇಳುವ ರೂಪೇಶ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಹತ್ತಿದ್ದೇನೆ ಎಂದು ಅವನು ಯಾವತ್ತೂ ಹೇಳಿರಲಿಲ್ಲ. ಹತ್ತಿದ್ದೀಯಾ ಎಂದು ಯಾರೂ ಕೇಳಿರಲಿಲ್ಲ. ಮಲ್ಪೆಯ ಮೀನುಗಾರರ ಮನೆಯ ಮಗ ಅವನು. ಅಪ್ಪ, ಅಣ್ಣಂದಿರು ಎಂಥ ಗಾಳಿಯಲ್ಲೂ ಕಡಲಿಗೆ ಇಳಿಯುವವರು. ಇವನಿಗೆ ನೀರಿನ ಹೆದರಿಕೆ ಇಲ್ಲ, ಎತ್ತರದ್ದು ಇತ್ತು. ಮರೀನಾದ ಲೈಟ್‌ಹೌಸನ್ನು ಅವನು ಕೆಳಗೆ ನಿಂತೇ ನೋಡಿ ಮುಗಿಸಿದ್ದ. ಆಫೀಸಿನ ಮಹಡಿಯ ಮೆಟ್ಟಿಲನ್ನೂ ಗೋಡೆಗೆ ಒರಗಿಕೊಂಡೇ ಇಳಿಯುತ್ತಿದ್ದ. ವಿಮಾನದ ವಿಷಯ ಬಾಯಲ್ಲಿ ಹೇಳಲು ಮಾತ್ರ ಅವನಿಗೆ ತಲೆ ಸುತ್ತುತ್ತಿರಲಿಲ್ಲ.

ಅವನ ಮಧ್ಯಾಹ್ನದ ಊಟ ಅಂಬುಜಮ್ಮನವರ ಮೆಸ್ಸಿನಲ್ಲಿ. ಅದೇ ಬೀದಿಯ ಕೊನೆಯಲ್ಲಿ, ಹಳೆಯ ಮನೆಯ ಹಜಾರದಲ್ಲಿ, ಮೂವತ್ತು ಜನಕ್ಕೆ ಎಲೆ ಬೀಳುತ್ತಿತ್ತು. ಅಂಬುಜಮ್ಮ ಕೋಟೇಶ್ವರದ ಕಡೆಯವರು, ವಯಸ್ಸು ಎಪ್ಪತ್ತು ದಾಟಿತ್ತು, ಗಂಡ ತೀರಿಕೊಂಡ ಮೇಲೆ ಸೌಟು ಹಿಡಿದು ನಿಂತವರು. ಅವರಿಗೆ ತುಳು ಬಾರದು, ರೂಪೇಶನಿಗೆ ಕುಂದಾಪುರದ ಕನ್ನಡ ಪೂರ್ತಿ ಹತ್ತದು. ಅವರು ತಮ್ಮ ಮಾತಿನಲ್ಲಿ ಬೈಯುವುದು, ಇವನು ತನ್ನ ಮಾತಿನಲ್ಲಿ ಒಪ್ಪಿಕೊಳ್ಳುವುದು, ಹೀಗೆ ನಡೆದಿತ್ತು. ಮದ್ರಾಸಿಗೆ ಬಂದ ಹೊಸತರಲ್ಲಿ ಅವನಿಗೆ ಕಾಮಾಲೆ ಆದಾಗ ತಿಂಗಳುಗಟ್ಟಲೆ ಮಜ್ಜಿಗೆ ಗಂಜಿ ಮಾಡಿ ಕಳಿಸಿದವರು ಅವರೇ. ಅಂದಿನಿಂದ ಅಂಬುಜಮ್ಮ ಕೂರು ಎಂದರೆ ರೂಪೇಶ ಕೂರುತ್ತಿದ್ದ.

ಮೆಸ್ಸಿನ ಕಾನೂನು ಮಾತ್ರ ಬಿಗಿ. ಅಡುಗೆಮನೆಯ ಹೊಸ್ತಿಲು ಯಾರೂ ದಾಟುವಂತಿಲ್ಲ, ಅಲ್ಲಿನ ನೀರಿನ ಹಂಡೆಯನ್ನು ಯಾರೂ ಮುಟ್ಟುವಂತಿಲ್ಲ. ಅಂಬುಜಮ್ಮನ ಬಾಯಿಗೆ ಹೋಗುವ ಅನ್ನ, ನೀರು ಅವರ ಕೈಯದೇ ಆಗಬೇಕು. ಬ್ಯಾಂಕಿನ ಮ್ಯಾನೇಜರಿಗೂ ಇದೇ ಕಾನೂನು, ಮಲ್ಪೆಯ ಹುಡುಗನಿಗೂ ಇದೇ. ಇನ್ನು ಏಕಾದಶಿ ಬಂದರೆ ಮೆಸ್ಸಿಗೇ ಬೀಗ. ಅಂದು ಅವರು ಹನಿ ನೀರೂ ಮುಟ್ಟುವುದಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಒಂದೂ ತಪ್ಪಿಸಿದವರಲ್ಲ, ಹೆರಿಗೆಯಲ್ಲೂ ಇಲ್ಲ, ಜ್ವರದಲ್ಲೂ ಇಲ್ಲ. ಬೀದಿಯ ಕನ್ನಡದ ಬ್ರಹ್ಮಚಾರಿಗಳಿಗೆಲ್ಲ ಪಂಚಾಂಗ ನೋಡದೆಯೇ ಏಕಾದಶಿ ಗೊತ್ತಾಗುತ್ತಿತ್ತು. ರೂಪೇಶ ಅವತ್ತು ಬಂದರಿನ ಹತ್ತಿರದ ಕೇರಳದವನ ಹೋಟೆಲಿಗೆ ಹೋಗಿ ಮೀನು ತಿಂದು ಬರುತ್ತಿದ್ದ. ಮರುದಿನ ದ್ವಾದಶಿ. ಅದು ಅವನ ಪಾಲಿಗೆ ಪಾಯಸ ಇರುವ ದಿನ, ಅದಕ್ಕಿಂತ ಹೆಚ್ಚೇನೂ ಅವನಿಗೆ ತಿಳಿಯದು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಸಿಂಗಾಪುರದಿಂದ ಅಂಬುಜಮ್ಮನಿಗೆ ಫೋನ್ ಬಂತು. ತಮ್ಮ ವಿಷ್ಣುತೀರ್ಥನದು. ತಾಯಿ ಸತ್ತ ಮೇಲೆ ಇವರೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅಲ್ಲಿನ ಹೋಟೆಲೊಂದರಲ್ಲಿ ಅಡುಗೆಯ ಮುಖ್ಯಸ್ಥ. ಅಕ್ಕ ತಮ್ಮ ಮುಖ ನೋಡಿ ಹತ್ತು ವರ್ಷವಾಗಿತ್ತು. ಅವನಿಗೆ ಅರವತ್ತು ತುಂಬುತ್ತಿತ್ತು, ಅದರ ಶಾಂತಿ ಹೋಮ ಇಟ್ಟುಕೊಂಡಿದ್ದ, ಅಕ್ಕ ಬಾರದೆ ಕಲಶದ ಮುಂದೆ ಕೂರುವುದಿಲ್ಲ ಎಂದು ಹಟ ಹಿಡಿದಿದ್ದ. ಅಂಬುಜಮ್ಮ ನಾಲ್ಕು ದಿನ ಸಾರಿಗೆ ಉಪ್ಪು ಹೆಚ್ಚು ಹಾಕಿದರು. ಐದನೇ ದಿನ ಬಡಿಸುತ್ತಾ ರೂಪೇಶನ ಎಲೆಯ ಮುಂದೆ ನಿಂತರು.

"ಸಿಂಗಾಪುರಕ್ಕೆ ಎಷ್ಟ್ ಹೊತ್ತ್ ಬೇಕ್?"

"ಮಂಗಳೂರಿಂದ ಧರ್ಮಸ್ಥಳ, ಅಲ್ಲಿಂದ ಸುಬ್ರಹ್ಮಣ್ಯ. ಅಷ್ಟೇ ಅಮ್ಮ."

"ಬಸ್ಸಾರೆ ನಡೂಗ್ ಇಳ್ದ್ ಕೈಕಾಲ್ ತೊಳ್ಕಂಬ್ಲಕ್ಕ್. ಇದ್ರಗೆ? ಅವ್ರ್ ಎಂತದೋ ತಂದ್ ಎದ್ರಿಗ್ ಇಡ್ತ್ರಂಬ್ರಲ್ಲ, ಪಕ್ಕದಲ್ ಕೂತವ ಕೋಳಿ ತಿಂಬುಕೂ ಸಾಕ್."

ಆಗಲೇ ರೂಪೇಶನ ತಲೆಯಲ್ಲಿ ಆ ದಿವ್ಯವಾದ ಉಪಾಯ ಹೊಳೆದದ್ದು. ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಳಿಸಿ ಅವನು ಹೇಳಿದ: "ಅಮ್ಮ, ಏಕಾದಶಿ ದಿನವೇ ಹೋಗುವ. ಅವತ್ತು ನೀವು ಹೇಗೂ ಏನೂ ಮುಟ್ಟುದಿಲ್ಲ. ಅವರು ಎಂತ ತಂದ್ರೆ ನಮಗೆಂತ?"

ಅಂಬುಜಮ್ಮ ಸೌಟು ಹಿಡಿದುಕೊಂಡು ಯೋಚಿಸಿದರು. ಊಟದ ಕಷ್ಟ ಇಲ್ಲ, ನೀರಿನ ಕಷ್ಟ ಇಲ್ಲ, ಬೆಳಗಾಗುವಷ್ಟರಲ್ಲಿ ತಮ್ಮನ ಮನೆ. ಅವರ ಮುಖದಲ್ಲಿ ನಗು ಬಂತು. ಅವರು ನಗುವುದನ್ನು ಮೆಸ್ಸಿನವರು ನೋಡಿದ್ದೇ ಕಡಿಮೆ.

"ನಿಂಗ್ ತಲೆ ಇತ್ತ್ ಮಾರಾಯ," ಎಂದರು. ಮತ್ತೆ ಅದೇ ಉಸಿರಿನಲ್ಲಿ, "ನೀ ಬಪ್ಪುದಾರೆ ನಾ ಬತ್ತೆ," ಎಂದರು.

ರೂಪೇಶ ಎಲೆಗೆ ಇಳಿಸಿದ ತುತ್ತನ್ನು ಮತ್ತೆ ಎತ್ತಲಿಲ್ಲ. ಪೈಗಳಾದರೂ ರಜೆ ಕೊಡಲಾರೆ ಎಂದಾರು ಎಂಬ ಆಸೆ ಇತ್ತು. ಪೈಗಳು ಏಜೆಂಟರಿಗೆ ಸಿಗುವ ರಿಯಾಯಿತಿಯ ಟಿಕೆಟ್ಟನ್ನು ಸಂತೋಷದಿಂದ ಬರೆದುಕೊಟ್ಟರು. "ಹೋಗಿ ಬಾ. ಇಷ್ಟು ವರ್ಷ ಬಾಯಲ್ಲೇ ಹಾರಿಸಿದ್ದಿ," ಎಂದರು. ಅವರಿಗೆ ಮಾತ್ರ ಎಲ್ಲ ಗೊತ್ತಿತ್ತು.

ಟಿಕೆಟ್ಟು ಕೈಗೆ ಬಂದ ಮೇಲೆ ಅಂಬುಜಮ್ಮ ಪಂಚಾಂಗ ಬಿಚ್ಚಿದರು. ಬಿಚ್ಚಿದವರೇ, ಒಂದು ಕೈಯಲ್ಲಿ ಪಂಚಾಂಗ, ಒಂದು ಕೈಯಲ್ಲಿ ಸೆರಗು ಹಿಡಿದು, ಪೈಗಳ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಆ ಮೆಟ್ಟಿಲು ಅವರು ಹತ್ತಿದ್ದು ಅದೇ ಮೊದಲು.

"ದ್ವಾದಶಿ ಸಾಧನೆ ಬಿದ್ದಿತ್ತ್," ಎಂದರು.

ರೂಪೇಶನಿಗೆ ಏನೂ ತಿಳಿಯಲಿಲ್ಲ. ಕೂರಿಸಿ ನೀರು ಕೊಡೋಣವೆಂದರೆ ಅವರು ಕುಡಿಯುವವರಲ್ಲ. ಆಗ ಅಂಬುಜಮ್ಮ ಮೆಸ್ಸಿನ ಪಾಯಸದ ಹಿಂದಿನ ಕಥೆಯನ್ನು ಅವನಿಗೆ ಬಿಡಿಸಿ ಹೇಳಿದರು. ಏಕಾದಶಿ ಉಪವಾಸ ಮಾಡಿದರೆ ಸಾಲದು. ಮರುದಿನ ಸೂರ್ಯ ಹುಟ್ಟಿದ ಮೇಲೆ, ದ್ವಾದಶಿ ತಿಥಿ ಮುಗಿಯುವುದರೊಳಗೆ ಪಾರಣೆ ಮಾಡಬೇಕು. ಅಂದರೆ ಉಪವಾಸ ಮುರಿಯಬೇಕು. ಸಾಮಾನ್ಯವಾಗಿ ಅದಕ್ಕೆ ಬೇಕಾದಷ್ಟು ಹೊತ್ತು ಇರುತ್ತದೆ. ಈ ಸಲ ತಿಥಿ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಮುಗಿಯುತ್ತದೆ, ಅದಕ್ಕೇ ಸಾಧನೆ ಎನ್ನುವುದು. ಆ ಹೊತ್ತು ತಪ್ಪಿದರೆ ಮಾಡಿದ ಏಕಾದಶಿ ನೀರಿನಲ್ಲಿ ಹೋಮ ಮಾಡಿದಂತೆ.

ರೂಪೇಶನಿಗೆ ಹೋದ ಜೀವ ಬಂತು. ಇದು ಗಡಿಯಾರದ ಮಾತು, ಅಂದರೆ ತನ್ನ ಮಾತು. "ಅಮ್ಮ, ದ್ವಾದಶಿ ಮುಗಿಯುವುದು ನಮ್ಮ ಗಂಟೆಯಲ್ಲಿ ಆರು ದಾಟಿ ಸ್ವಲ್ಪ. ಇಲ್ಲಿ ಸೂರ್ಯ ಬರುವುದೇ ಐದೂಮುಕ್ಕಾಲಿಗೆ. ನಿಮಗೆ ಸಿಗುವುದು ಅರ್ಧ ಗಂಟೆ. ಅಲ್ಲಿ ನಮ್ಮ ನಾಲ್ಕೂವರೆಗೇ ಸೂರ್ಯ ಬಂದಾಯ್ತು. ತಿಥಿ ಅದೇ, ಸೂರ್ಯ ಮಾತ್ರ ಬೇಗ. ಸ್ನಾನ ಮಾಡಿ, ಎಲೆ ಹಾಕಿ, ಪಾಯಸ ತಿಂದು ಏಳುವಷ್ಟು ಹೊತ್ತುಂಟು."

ಅಂಬುಜಮ್ಮ ಪಂಚಾಂಗ ನೋಡಿದರು, ಗೋಡೆಯ ವಿಮಾನವನ್ನು ನೋಡಿದರು, ಅವನ ಮುಖ ನೋಡಿದರು.

"ತಪ್ಪೂದಿಲ್ಯಾ?"

"ತಪ್ಪುದಿಲ್ಲ ಅಮ್ಮ. ನಾನು ಹೇಳ್ತೇನಲ್ಲ."

ಅವರು ಪಂಚಾಂಗ ಮಡಚಿಕೊಂಡು ಮೆಟ್ಟಿಲಿಳಿದರು. ಅಂದಿನಿಂದ ರೂಪೇಶನಿಗೆ ನಿದ್ದೆಯೇ ಸರಿಯಾಗಿ ಬರಲಿಲ್ಲ. ಎತ್ತರದ ಹೆದರಿಕೆ ಅರ್ಧ, ಕೊಟ್ಟ ಮಾತಿನ ಹೆದರಿಕೆ ಅರ್ಧ.

ಹೊರಡುವ ದಿನ ಚೀಲ ಕಟ್ಟಿಸಿದವನೂ ಅವನೇ. ಅಂಬುಜಮ್ಮ ಒಂದು ಪುಟ್ಟ ತಾಮ್ರದ ಗಿಂಡಿಯಲ್ಲಿ ದೇವರ ತೀರ್ಥ ತುಂಬಿ, ತುಳಸಿ ಹಾಕಿ, ಬಾಯಿಗೆ ಬಾಳೆಲೆ ಮುಚ್ಚಿ ಬಟ್ಟೆ ಬಿಗಿದು, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಹೋಗುವ ಯೋಚನೆಯಲ್ಲಿದ್ದರು. ರೂಪೇಶ ಬಿಡಲಿಲ್ಲ. ಗಿರಾಕಿಗಳಿಗೆಲ್ಲ ಹೇಳುವ ಬುದ್ಧಿಮಾತನ್ನು ಅವರಿಗೂ ಹೇಳಿದ. "ಎಲ್ಲ ದೊಡ್ಡ ಪೆಟ್ಟಿಗೆಗೆ ಹಾಕಿ ಅಮ್ಮ. ಅದು ಕೆಳಗೆ ಹೋಗ್ತದೆ. ನಾವು ಕೈ ಬೀಸಿಕೊಂಡು ಆರಾಮದಲ್ಲಿ ಹತ್ತುವುದು." ಗಿಂಡಿ ಸೀರೆಗಳ ನಡುವೆ ಪೆಟ್ಟಿಗೆ ಸೇರಿತು. ಮೀನಂಬಾಕ್ಕಂನಲ್ಲಿ ಪೆಟ್ಟಿಗೆ ಪಟ್ಟಿಯ ಮೇಲೆ ಕೂತು ಗೋಡೆಯೊಳಗೆ ಹೋಯಿತು. ಇಬ್ಬರೂ ಕೈ ಬೀಸಿಕೊಂಡು ಹೋಗಿ ಕುರ್ಚಿಯ ಮೇಲೆ ಕೂತರು. ಆಗ ಮೈಕಿನಲ್ಲಿ ಒಬ್ಬಳು, ಸಿಂಗಾಪುರದ ವಿಮಾನ ಮೂರು ಗಂಟೆ ತಡ ಎಂದು ಬಹಳ ಮಧುರವಾಗಿ ಹೇಳಿದಳು.

ರೂಪೇಶ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ. ಹೇಗೆ ಕೂಡಿದರೂ ಒಂದೇ ಉತ್ತರ ಬಂತು. ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ಬಾಯಿ ಬರಲಿಲ್ಲ.

"ಅಮ್ಮ," ಎಂದ, "ನಾವು ಅಲ್ಲಿ ಇಳಿಯುವಷ್ಟರಲ್ಲಿ ದ್ವಾದಶಿ ಮುಗಿದಿರ್ತದೆ."

ಅಂಬುಜಮ್ಮ ಜಪ ನಿಲ್ಲಿಸಿದರು.

"ನನ್ನದೇ ತಪ್ಪು. ಬೇಕಾದ್ರೆ ಈಗಲೇ ಮನೆಗೆ ಹೋಗುವ. ಬೆಳಿಗ್ಗೆ ನಿಮ್ಮ ಅಡುಗೆಮನೆಯಲ್ಲೇ ಪಾರಣೆ ಆಗ್ತದೆ. ಆದ್ರೆ ಮತ್ತೆ ಶಾಂತಿಯ ಮೊದಲು ಸೀಟು ಸಿಗುದಿಲ್ಲ."

ಇತ್ತ ಒಂದು ಆಯುಷ್ಯದ ವ್ರತ, ಅತ್ತ ಎತ್ತಿ ಆಡಿಸಿದ ತಮ್ಮ. ರೂಪೇಶ ತಲೆ ತಗ್ಗಿಸಿ ಕೂತ. ಬೈದಿದ್ದರೆ ಹಗುರಾಗುತ್ತಿತ್ತು. ಅಂಬುಜಮ್ಮ ಬೈಯಲಿಲ್ಲ.

"ನಾ ಹೋಯ್ದಿರೆ ಅವ ಕಲಶದ ಎದ್ರ್ ಕೂಕಂಬ್ದಿಲ್ಲ. ಹಟದ ಮಾಣಿ, ಸಣ್ಣಿಪ್ಪತಿಗೂ ಹಂಗೆಯೇ," ಎಂದರು ಮೆಲ್ಲಗೆ. ಆಮೇಲೆ ಅವರ ಮುಖ ಒಮ್ಮೆಲೇ ಅರಳಿತು. "ಗಿಂಡಿ ಇತ್ತಲೆ. ಊಟ ಎಂತಕೆ, ಸೂರ್ಯ ಕಂಡ ಕೂಡ್ಲೆ ಒಂದ್ ಹನಿ ತೀರ್ಥ ತಕಂಡ್ರೂ ಪಾರಣೆ ಆಯ್ತ್. ತಕಂಡ್ ಬಾ ಗಿಂಡಿ."

ರೂಪೇಶ ಎದ್ದು ನಿಂತ. ಎದ್ದು ನಿಂತ ಮೇಲೆ ಅವನಿಗೆ ಗಿಂಡಿ ಎಲ್ಲಿದೆ ಎಂಬುದು ನೆನಪಾಯಿತು. ಓಡಿದ, ಕೌಂಟರಿನವರ ಕೈಕಾಲು ಹಿಡಿದ, ತಮಿಳಿನಲ್ಲಿ ಬೇಡಿಕೊಂಡ, ಇಂಗ್ಲಿಷಿನಲ್ಲಿ ಬೇಡಿಕೊಂಡ. ಹೋದ ಪೆಟ್ಟಿಗೆ ಇಳಿಯುವವರೆಗೆ ಸಿಗುವುದಿಲ್ಲ ಎಂಬುದನ್ನು ಅವರು ಅವನಿಗೇ ವಿವರಿಸಿದರು. ಇದನ್ನೇ ಅವನು ಸಾವಿರ ಜನಕ್ಕೆ ವಿವರಿಸಿದ್ದ. ಬರಿಗೈಯಲ್ಲಿ ಹಿಂದಿರುಗಿದವನನ್ನು ನೋಡಿ ಅಂಬುಜಮ್ಮನಿಗೆ ಎಲ್ಲ ಅರ್ಥವಾಯಿತು. ಅವರು ಸೆರಗನ್ನು ಸರಿಮಾಡಿಕೊಂಡು, "ಹತ್ತುವ," ಎಂದರು ಅಷ್ಟೇ.

ವಿಮಾನ ಓಡಲು ಶುರುಮಾಡಿದಾಗ ರೂಪೇಶ ಕುರ್ಚಿಯ ಕೈಗಳನ್ನು ಹಿಡಿದ ರೀತಿ ಹೇಗಿತ್ತೆಂದರೆ, ಅವನು ಬಿಟ್ಟರೆ ವಿಮಾನ ಬೀಳುತ್ತದೆ ಎನ್ನುವ ಹಾಗಿತ್ತು. ನೆಲ ಬಿಟ್ಟ ಕೂಡಲೇ ಕಣ್ಣು ಮುಚ್ಚಿದ. ಕಿಟಕಿಯ ಪಕ್ಕದಲ್ಲಿದ್ದ ಅಂಬುಜಮ್ಮ ಕೆಳಗಿನ ದೀಪಗಳನ್ನು ನೋಡಿ ಮುಗಿಸಿ ಇವನ ಕಡೆ ತಿರುಗಿದರು.

"ಕಣ್ಣ್ ಮುಚ್ಬೇಡ. ಮುಚ್ಚ್ರೆ ಹೆದ್ರಿಕೆ ಜಾಸ್ತಿ." ಮತ್ತೆ ಅವನ ಕೈಗಳನ್ನು ನೋಡಿ, "ಮೊದ್ಲನೆ ಸಲವಾ?"

"ಹೌದಮ್ಮ."

"ಹಂಗಾರೆ ಆ ಧರ್ಮಸ್ಥಳ, ಸುಬ್ರಹ್ಮಣ್ಯ?"

"ಅಲ್ಲಿಗೆ ಬಸ್ಸಲ್ಲಿ ಹೋಗಿ ಗೊತ್ತುಂಟು."

ಅಂಬುಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ರೂಪೇಶ ಗಾಬರಿಯಾಗಿ ನೋಡಿದರೆ ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಒಂದು ದಿನದಿಂದ ಹನಿ ನೀರು ಕುಡಿಯದ ಹೆಂಗಸಿಗೆ ಅಷ್ಟು ನಗು ಎಲ್ಲಿಂದ ಬಂತೋ. ಅವನಿಗೂ ನಗು ಬಂತು. ಊಟದ ತಟ್ಟೆಗಳು ಬಂದವು, ಇಬ್ಬರ ಮುಂದಿನಿಂದಲೂ ಹಾಗೇ ಹಿಂದೆ ಹೋದವು. ಒಬ್ಬರಿಗೆ ವ್ರತ, ಒಬ್ಬನಿಗೆ ಹೆದರಿಕೆ.

ರೂಪೇಶನಿಗೆ ಯಾವಾಗ ಜೊಂಪು ಹತ್ತಿತೋ ತಿಳಿಯದು. ತೋಳು ಹಿಡಿದು ಅಲ್ಲಾಡಿಸಿದ್ದಕ್ಕೆ ಎಚ್ಚರವಾಯಿತು. ಅಂಬುಜಮ್ಮ ಅವನನ್ನು ಮುಟ್ಟಿದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು.

"ರೂಪೇಶ, ಕಾಣ್."

ಕಿಟಕಿಯ ಆಚೆ ಮೋಡಗಳು ಹಾಸಿಕೊಂಡಿದ್ದವು, ಅವುಗಳ ಅಂಚಿನಲ್ಲಿ ಸೂರ್ಯ ಕುಂಕುಮದ ಬೊಟ್ಟಿನಂತೆ ಮೇಲೆದ್ದಿದ್ದ. ಕೆಳಗೆ ಯಾವ ಊರೂ ಇರಲಿಲ್ಲ. ಮದ್ರಾಸಿನಲ್ಲಿ ಇನ್ನೂ ಹಾಲಿನವನು ಬಂದಿರಲಿಲ್ಲ, ಸಿಂಗಾಪುರದಲ್ಲಿ ಆಗಲೇ ಮಕ್ಕಳು ಶಾಲೆಗೆ ಹೊರಟಿದ್ದರು. ಇದು ಯಾರ ಬೆಳಗು ಎಂದು ಹೇಳುವುದು ರೂಪೇಶನ ಬಸ್ಸಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಅಂಬುಜಮ್ಮನಿಗೆ ಆ ಸಂಶಯ ಬರಲೇ ಇಲ್ಲ.

"ಸೂರ್ಯ ಬಂದ, ದ್ವಾದಶಿ ಇನ್ನೂ ಇತ್ತ್," ಎಂದರು. "ತೀರ್ಥ ಇಲ್ದಿರೆ ದೇವ್ರ ಹೆಸ್ರ್ ಹೇಳಿ ನೀರೇ ಸಾಕ್. ತಕಂಡ್ ಬಾ."

ಆಕಾಶದ ನಡುವೆ ಎದ್ದು ನಿಂತು ನಡೆಯುವುದು ರೂಪೇಶನಿಂದ ಆಗುವ ಕೆಲಸವಲ್ಲ. ಆದರೂ ಎದ್ದ. ಒಂದೊಂದೇ ಕುರ್ಚಿಯ ಬೆನ್ನು ಹಿಡಿದುಕೊಂಡು ಹೋಗಿ, ವಿಮಾನದ ಹುಡುಗಿಯಿಂದ ಮುಚ್ಚಳ ಬಿಚ್ಚದ ನೀರಿನ ಬಾಟಲಿ ಇಸಿದುಕೊಂಡು ಬಂದ. ಅಂಬುಜಮ್ಮನ ಕೈಗೆ ಚಾಚಿದ. ಅವರು ತೆಗೆದುಕೊಳ್ಳಲಿಲ್ಲ. ಬಲಗೈಯನ್ನು ಬಟ್ಟಲಿನಂತೆ ಮಾಡಿ, ಕೆಳಗೆ ಸೆರಗು ಹಿಡಿದು, ಅವನ ಮುಂದೆ ಚಾಚಿದರು.

"ಹಾಕ್."

"ನೀವೇ ಹಾಕಿಕೊಳ್ಳಿ ಅಮ್ಮ."

"ದೇವ್ರ ಪೆಟ್ಟಿಗೆ ಎದ್ರಿಗ್ ಇದ್ರೆ ನಾನೇ ತಕಂಬ್ಲಕ್ಕ್. ಇಲ್ದಿದ್ದ ಬದಿಯಗ್ ಇನ್ನೊಬ್ರ್ ಕೊಡ್ಕ್. ನಮ್ಮ ಮನಿ ಕ್ರಮ ಹಂಗೆ. ಮಾವ ಕೊಡ್ತಿದ್ರ್, ಮತ್ತೆ ನಮ್ಮನಿಯವ್ರ್."

ರೂಪೇಶನ ಕೈ ಬಾಟಲಿಯ ಮುಚ್ಚಳದ ಮೇಲೇ ನಿಂತಿತು. ಅಡುಗೆಮನೆಯ ಹಂಡೆಯನ್ನು ಅವನು ದೂರದಿಂದ ಮಾತ್ರ ನೋಡಿದವನು. ಅದನ್ನು ಅವಮಾನ ಎಂದು ಅಂದುಕೊಂಡವನಲ್ಲ, ಮನೆಮನೆಗೊಂದು ಕ್ರಮ ಎಂದು ಬಿಟ್ಟಿದ್ದ. ಹಾಗೆ ಬಿಟ್ಟದ್ದು ಒಳಗೆ ಎಲ್ಲೋ ಕೂತೇ ಇತ್ತು ಎನ್ನುವುದು ಅವನಿಗೆ ತಿಳಿದದ್ದು ಈಗ. ಅವನು ಇದ್ದ ನಿಜವನ್ನು ಹೇಳಿಬಿಟ್ಟ.

"ಅಮ್ಮ, ನಾನು ನಿನ್ನೆ ಮಧ್ಯಾಹ್ನ ಬಂಗುಡೆ ಮೀನು ತಿಂದಿದ್ದೇನೆ. ನಿಮ್ಮ ಮೆಸ್ಸು ಇರಲಿಲ್ಲವಲ್ಲ."

"ನಾ ಬಂಗ್ಡೆ ಕೇಂಡದ್ದಲ್ಲ, ನೀರ್ ಕೇಂಡದ್ದ್."

ಅಷ್ಟರಲ್ಲಿ ವಿಮಾನ ಒಮ್ಮೆ ಗಡಗಡ ಅಲ್ಲಾಡಿತು. ಬೆಲ್ಟು ಕಟ್ಟಿಕೊಳ್ಳುವ ದೀಪ ಹತ್ತಿತು, ಹಿಂದೆ ಯಾವುದೋ ಮಗು ಅತ್ತಿತು. ಬೇರೆ ಹೊತ್ತಾಗಿದ್ದರೆ ರೂಪೇಶನ ಜೀವ ಬಾಯಿಗೆ ಬರುತ್ತಿತ್ತು. ಈಗ ಅವನ ಕಣ್ಣಿಗೆ ಕಂಡದ್ದು ಆ ಸುಕ್ಕುಗಟ್ಟಿದ ಅಂಗೈ ಒಂದೇ. ಬಲಗೈಯಿಂದ ಬಾಟಲಿಯ ಕತ್ತು ಹಿಡಿದು, ಎಡಗೈ ಊರೆ ಕೊಟ್ಟು, ಅಪ್ಪ ದೋಣಿಯಲ್ಲಿ ನಿಲ್ಲುವಂತೆ ಕಾಲು ಅಗಲಿಸಿ ನಿಂತ. ಒಂದು ಚಮಚದಷ್ಟು ನೀರು ಹಾಕಿದ. ಅಂಬುಜಮ್ಮ ದೇವರ ಹೆಸರು ಹೇಳಿ ಕುಡಿದರು. ಎರಡನೆಯ ಸಲ ಹಾಕಿದ. ಮೂರನೆಯ ಸಲವೂ ಹಾಕಿದ. ಸೆರಗಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಅಂಬುಜಮ್ಮ ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು. ಸೂರ್ಯನಿಗೆ ಕೈ ಮುಗಿದರು. "ಆಯ್ತ್," ಎಂದರು. "ಇನ್ನ್ ಕೂಕೊ. ಬಿದ್ದ್ ಹೋತೆ."

ರೂಪೇಶ ಕೂತ. ಎಷ್ಟು ಹೊತ್ತು ನಿಂತಿದ್ದೆ ಎಂಬುದು ಆಗಲೇ ಅವನಿಗೆ ಹೊಳೆದು ಬೆವರು ಕಿತ್ತುಬಂತು.

ಇಳಿದಾಗ ದ್ವಾದಶಿ ಮುಗಿದಿತ್ತು. ಪೆಟ್ಟಿಗೆ ಬಂತು, ಅದರೊಳಗೆ ಗಿಂಡಿ ಭದ್ರವಾಗಿತ್ತು. ರೂಪೇಶ ಟ್ರಾಲಿ ತಳ್ಳಿಕೊಂಡು ಹೊರಗೆ ಬಂದರೆ, ಕಂಬಿಯ ಆಚೆ ಪಂಚೆ ಉಟ್ಟ ಎತ್ತರದ ಆಳೊಬ್ಬರು ಕತ್ತು ಚಾಚಿ ನಿಂತಿದ್ದರು. ವಿಷ್ಣುತೀರ್ಥರು. ಬೆಳಗಿನಿಂದ ಅಲ್ಲೇ ನಿಂತು, ಗಡಿಯಾರ ನೋಡಿ ನೋಡಿ ಅವರ ಮುಖ ಬಾಡಿಹೋಗಿತ್ತು. ಹತ್ತು ವರ್ಷದ ಮೇಲೆ ಅಕ್ಕನನ್ನು ಕಂಡವರು ಕಾಲಿಗೆ ಬಿದ್ದು, ಎದ್ದ ಕೂಡಲೇ ಅಂದದ್ದು ಒಂದೇ ಮಾತು.

"ಅಕ್ಕ, ದ್ವಾದಶಿ ತಪ್ಪಿ ಹೋಯ್ತಲೆ. ನನ್ನ್ ದೆಸೆಯಿಂದ."

"ಎಂತಕ್ ತಪ್ಪುದ್? ಪಾರಣೆ ಆಯ್ತ್."

"ಎಲ್ಲಿ?"

ಅಂಬುಜಮ್ಮ ಬೆರಳು ಮೇಲೆ ತೋರಿಸಿದರು. ವಿಷ್ಣುತೀರ್ಥರು ವಿಮಾನ ನಿಲ್ದಾಣದ ಚಾವಣಿಯನ್ನು ನೋಡಿದರು.

"ತೀರ್ಥ ಯಾರ್ ಕೊಟ್ಟದ್?"

ರೂಪೇಶ ಟ್ರಾಲಿಯ ಚಕ್ರವನ್ನು ನೋಡುತ್ತ ನಿಂತ. ಅಂಬುಜಮ್ಮ ಈ ಮಾತನ್ನು ಹಾರಿಸಿಬಿಡಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ನಾನೇ ತಕ್ಕೊಂಡೆ ಎಂದರೆ ಮುಗಿಯಿತು, ಯಾರೂ ಕೇಳುವವರಿಲ್ಲ.

"ಇವ ಕೊಟ್ಟದ್ದ್. ರೂಪೇಶ," ಎಂದರು ಅಂಬುಜಮ್ಮ.

ವಿಷ್ಣುತೀರ್ಥರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ದೇಶ ಬಿಟ್ಟು ಎಷ್ಟು ವರ್ಷವಾದರೂ ಊರಿನ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದೂ ಅಲ್ಲ, ನಮ್ಮ ಕಡೆಯಲ್ಲಿ ಹೊಸಬರನ್ನು ಕಂಡರೆ ಎಲ್ಲರೂ ಕೇಳುವುದನ್ನೇ ಕೇಳಿದರು.

"ಯಾರ ಪೈಕಿ?"

"ನಮ್ಮ ಪೈಕಿ," ಎಂದರು ಅಂಬುಜಮ್ಮ. "ನಿನ್ನೆ ರಾತ್ರಿಯಿಂದ ಅವನೂ ಎಂತದೂ ತಿನ್ಲಿಲ್ಲ. ಮೊದ್ಲ್ ಮನಿಗ್ ಹೋಯಿ ಅವ್ನಿಗ್ ಬಡ್ಸ್."